ಕರಿಯಣ್ಣನ ಪೆನ್ನಿನ ಬಣ್ಣ

ತಿಪ್ಪೇಶ್ ಲೋಟದೊಳಗೆ ಎರಡು ಬೆರಳು ಅದ್ದಿ, ಸುಟ್ಟುಕೊಂಡು, ಕೈ ಕೊಡವಿ, ಮತ್ತೆ ಅದ್ದಿದ. ಈ ಸಲ ಪೆನ್ನಿನ ಒಡಲು ಸಿಕ್ಕಿತು. ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ನೀರಿಗೆ ಇಳಿಯುವಾಗ ಕಾಗೆಯಷ್ಟು ಕಪ್ಪಗಿದ್ದದ್ದು ಈಗ ನೆನೆಹಾಕಿದ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕ್ಯಾಪನ್ನೂ ತೆಗೆದ. ಅದು ಇನ್ನೂ ಒಂದು ಕೈ ಮೇಲು, ಮಳೆಗೆ ಸಿಕ್ಕ ಬೆರಣಿಯ ಹಾಗಿತ್ತು.

"ಅವ್ವಾ, ಈ ಲೋಟಕ್ಕೆ ಬಿಸಿನೀರು ಹಾಕಿದ್ಯಾರು?"

"ನಾನೇ ಕಣೋ," ಅಂದಳು ಅಂಜಿನಮ್ಮ ಅಡಿಗೆಮನೆಯಿಂದ. "ಮುಟ್ಟಿ ನೋಡ್ದೆ, ತಣ್ಣಗೆ ಕೊರೀತಿತ್ತು. ಒಳ್ಳೇ ಕೆಲ್ಸಕ್ಕೆ ಹೋಗೋ ಪೆನ್ನು, ಪಾಪ ಬಿಸಿನೀರಲ್ಲೇ ಮೀಯ್ಲಿ ಅಂತ."

ತಿಪ್ಪೇಶ್ ಮೆಲ್ಲಗೆ ನೆಲದ ಮೇಲೆ ಕೂತ. ಒಂದು ಕೆನ್ನೆಯ ಗಡ್ಡ ಕೆರೆದಾಗಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ ಒಣಗುತ್ತಿತ್ತು. ಕ್ಯಾಪಿನೊಳಗೆ ಗಟ್ಟಿಯಾಗಿದ್ದ ಹಳೇ ಇಂಕು ಬಿಡಲೆಂದು ತಣ್ಣೀರಿಗೆ ಹಾಕಿ, ಗಡ್ಡ ಕೆರೆಯುವಷ್ಟು ಹೊತ್ತು ಮಾತ್ರ ಪೆನ್ನನ್ನು ಒಂಟಿಯಾಗಿ ಬಿಟ್ಟಿದ್ದ. ಹಳೇ ಕಾಲದ ರಬ್ಬರ್ ಪೆನ್ನಿಗೆ ಬಿಸಿನೀರು ತಾಗಿದರೆ ಕಪ್ಪು ಸತ್ತುಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ತರೀಕೆರೆಯಲ್ಲಿ ಅದು ಗೊತ್ತಿದ್ದವನು ಪ್ರಾಯಶಃ ಅವನೊಬ್ಬನೇ. ಹಾಗೆಂದು ಅವ್ವನಿಗೆ ಅವನು ಒಂದು ದಿನವೂ ಹೇಳಿರಲಿಲ್ಲ.

ಪೆನ್ನು ಅವನದಲ್ಲ. ಅದು ಅಜ್ಜಂಪುರದ ಓಬಳಪ್ಪನವರ ತಂದೆ ಕರಿಯಣ್ಣನದು. ಇವತ್ತು ಸಾಯಂಕಾಲ ಅದೇ ಪೆನ್ನಿನಿಂದ ಓಬಳಪ್ಪನವರ ಮಗಳು ಹೇಮಶ್ರೀಯೂ ತಿಪ್ಪೇಶನೂ ಮದುವೆಯ ಒಪ್ಪಿಗೆ ಪತ್ರಕ್ಕೆ ರುಜು ಹಾಕಬೇಕಿತ್ತು.

ಆ ಮನೆಯಲ್ಲಿ ಪೆನ್ನಿಗೊಂದು ಸ್ಥಾನವಿತ್ತು. ಕರಿಯಣ್ಣ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ಶಾಲೆಯ ಮೆಟ್ಟಿಲು ಹತ್ತದವನು ಸ್ಟೇಷನ್ನುಗಳ ಬೋರ್ಡು ನೋಡಿ ನೋಡಿಯೇ ಅಕ್ಷರ ಕಲಿತಿದ್ದ. ಅವನು ಮೊದಲು ಬರೆದದ್ದು ತನ್ನ ಹೆಸರನ್ನಲ್ಲ, 'ಕಡೂರು' ಎಂದು. ಸಂಬಳದ ದಿನ ಎಲ್ಲರೂ ಹೆಬ್ಬೆಟ್ಟು ಒತ್ತುತ್ತಿದ್ದ ಜಾಗದಲ್ಲಿ ಅವನು ರುಜು ಹಾಕಿದಾಗ ಗುಮಾಸ್ತ ಎದ್ದು ನಿಂತನಂತೆ. ಆ ವರ್ಷ ಹಬ್ಬಕ್ಕೆ ಹೆಂಡತಿ ಹಾಲಮ್ಮನಿಗೆ ಸೀರೆ ಬರಲಿಲ್ಲ, ಮನೆಗೆ ಪೆನ್ನು ಬಂತು. ಅಲ್ಲಿಂದೀಚೆಗೆ ಆ ಮನೆಯವರು ಯಾರೂ, ಯಾವ ಕಾಗದಕ್ಕೂ ಹೆಬ್ಬೆಟ್ಟು ಕೊಟ್ಟವರಲ್ಲ. ಓಬಳಪ್ಪನವರಂತೂ ರೇಷನ್ ಅಂಗಡಿಯ ಯಂತ್ರಕ್ಕೂ ಹೆಬ್ಬೆರಳು ಕೊಡದೆ ಪ್ರತಿ ತಿಂಗಳೂ ಜಗಳವಾಡಿ ತೋರುಬೆರಳು ಇಟ್ಟು ಬರುತ್ತಿದ್ದರು. ಮದುವೆಗಳೂ ಹಾಗೇ. ಪುರೋಹಿತರಿಲ್ಲ, ಜಾತಕವಿಲ್ಲ. ಬುದ್ಧ, ಬಾಬಾಸಾಹೇಬರ ಪಟದ ಮುಂದೆ ಹುಡುಗ ಹುಡುಗಿ ಕರಿಯಣ್ಣನ ಪೆನ್ನಿನಲ್ಲಿ ರುಜು ಹಾಕಿದರೆ ಸಂಬಂಧ ನಿಂತಿತು ಎಂದರ್ಥ.

ಹೆಣ್ಣು ನೋಡಲು ಹೋದ ದಿನ ತಿಪ್ಪೇಶ್ ಹೆಣ್ಣಿಗಿಂತ ಮೊದಲು ಶೋಕೇಸಿನಲ್ಲಿದ್ದ ಪೆನ್ನನ್ನು ನೋಡಿದ್ದ. ಬಸ್‌ಸ್ಟ್ಯಾಂಡಿನ ಹತ್ತಿರ ಅವನದು ಜೆರಾಕ್ಸ್ ಅಂಗಡಿ. ಹಗಲೆಲ್ಲ ಮಕ್ಕಳಿಗೆ ಜೆಲ್ ಪೆನ್ನು ಮಾರುವ ಪಾಪವನ್ನು ಅವನು ಬಿಡುವಿನಲ್ಲಿ ಹಳೇ ಇಂಕ್ ಪೆನ್ನುಗಳಿಗೆ ಜೀವ ಕೊಟ್ಟು ತೊಳೆದುಕೊಳ್ಳುತ್ತಿದ್ದ. ಪೆನ್ನನ್ನು ಹೆಬ್ಬೆರಳಿನಿಂದ ಉಜ್ಜಿ, ಮೂಸಿ, ಕಣ್ಣು ಮುಚ್ಚಿ ಹೇಳಿದ್ದ: "ಪ್ಲಾಸ್ಟಿಕ್ ಅಲ್ಲ ಇದು ಮಾವ. ಗಂಧಕ ಸೇರಿಸಿ ಬೇಯಿಸಿದ ರಬ್ಬರು. ಲೇತಿಗೆ ಕೊಟ್ಟು ಕೈಯಲ್ಲಿ ಕಡೆದಿರೋದು. ಇಷ್ಟು ವರ್ಷ ಆದ್ರೂ ಕಪ್ಪು ಒಂಚೂರು ಮಾಸಿಲ್ಲ ನೋಡಿ. ಸಾವಿರಕ್ಕೊಂದು ಹಿಂಗಿರ್ತವೆ."

"ಬರೆಯೋ ಹಂಗೆ ಮಾಡ್ತೀಯೇನಪ್ಪಾ?" ಓಬಳಪ್ಪ ಕೇಳಿದ್ದರು. "ಅದು ನಿಂತು ವರ್ಷಗಳಾದ್ವು. ಅದಕ್ಕೇ ನಮ್ಮ ಹುಡ್ಗಿ ಮದ್ವೇನೂ ನಿಂತಿದೆ ಅಂತ ತಿಳ್ಕೋ. ಆದ್ರೆ ಈ ಕಪ್ಪು ಕೆಡಬಾರ್ದು. ನಮ್ಮಪ್ಪನ ಮುಖ ನೋಡ್ದಂಗಾಗ್ತದೆ ನಂಗೆ."

ಹೇಮಶ್ರೀ ಕಡೂರಿನಲ್ಲಿ ವಿಜ್ಞಾನದ ಟೀಚರು. ಅವಳು ಅವತ್ತು ಕೇಳಿದ್ದು ಒಂದೇ ಪ್ರಶ್ನೆ. "ಯಾವ ಇಂಕು ಹಾಕ್ತೀರ?"

ಈವರೆಗೆ ನೋಡಿದ ಹುಡುಗಿಯರೆಲ್ಲ ಸಂಬಳ ಕೇಳಿದ್ದರು, ಸೈಟು ಕೇಳಿದ್ದರು. ಇಂಕು ಯಾವುದೆಂದು ಯಾರೂ ಕೇಳಿರಲಿಲ್ಲ. ತಿಪ್ಪೇಶನಿಗೆ ಆವತ್ತಿನಿಂದ ಊಟ ಸರಿಯಾಗಿ ಸೇರುತ್ತಿರಲಿಲ್ಲ.

"ಹೋಗಿ ಇದ್ದಿದ್ದನ್ನ ಇದ್ದಂಗೆ ಹೇಳ್ಬಿಡಾನ ಬಾರೋ," ಅಂದಳು ಅಂಜಿನಮ್ಮ. ಅವಳ ಕಣ್ಣು ಆಗಲೇ ಒದ್ದೆಯಾಗಿತ್ತು.

"ಏನಂತ? ನಿಮ್ಮಪ್ಪನ ಮುಖ ಬೇಯಿಸ್ಬಿಟ್ವಿ ಅಂತನಾ?"

ಸರಿಯಾದ ದಾರಿ ಅವನಿಗೆ ಗೊತ್ತಿತ್ತು. ನೀರು ಹಚ್ಚಿ ಉಜ್ಜುವ ನುಣುಪಾದ ಮರಳುಕಾಗದ, ವಾಟರ್ ಪೇಪರು ತಗೊಂಡು, ಒಂದೊಂದೇ ಪದರ ಸವೆಸುತ್ತ, ಕೆಳಗಿನ ಕಪ್ಪು ಕಾಣುವವರೆಗೂ ಉಸಿರು ಹಿಡಿದು ತಿಕ್ಕಬೇಕು. ಅದು ವಾರದ ಕೆಲಸ. ಬಸ್ಸು ಮಧ್ಯಾಹ್ನಕ್ಕಿತ್ತು.

ಅಂಜಿನಮ್ಮ ಸುಮ್ಮನಿರಲಾರದೆ ಕೊಬ್ಬರಿ ಎಣ್ಣೆ ತಂದು ಪೆನ್ನಿಗೆ ಸವರಿದಳು. ಪವಾಡದಂತೆ ಅದು ಕಪ್ಪಾಯಿತು. ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿದರು. ಎಣ್ಣೆ ಆರುತ್ತ ಬಂದ ಹಾಗೆ ಹುಣಸೆಹಣ್ಣು ಮತ್ತೆ ಎದ್ದು ಬಂತು.

ಅಷ್ಟರಲ್ಲಿ ಸುದ್ದಿ ಗೋಡೆ ದಾಟಿತ್ತು. ಪಕ್ಕದ ಮನೆಯ ಮೊಬೈಲ್ ರಿಪೇರಿ ಹೊನ್ನೇಶ್ ಒಳಗೆ ಬಂದವನೇ ಪೆನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಹೆಣ ನೋಡಿದವನ ಹಾಗೆ ತಲೆಯಾಡಿಸಿದ.

"ಲೇ ತಿಪ್ಪಾ, ಇದಕ್ಯಾಕ್ಲಾ ಇಷ್ಟು ಚಿಂತೆ? ಬೂಟ್ ಪಾಲಿಶ್ ತಿಕ್ಕು. ಫಳಫಳ ಅಂತದೆ."

ತಿಪ್ಪೇಶ್ ಎದ್ದು ನಿಂತ. "ಹೊನ್ನಾ, ಅದು ಕರಿಯಣ್ಣನ ಪೆನ್ನು. ಅಕ್ಷರ ಕಲ್ತ ಕೈ ಹಿಡಿದಿರೋದು. ಅದಕ್ಕೆ ಕಾಲಿಗೆ ಹಚ್ಚೋದನ್ನ ಹಚ್ಚು ಅಂತೀಯಲ್ಲ, ನಾಚ್ಕೆ ಆಗಲ್ವೇನ್ಲಾ?"

ಹೊನ್ನೇಶನಿಗೆ ನಿಜಕ್ಕೂ ನಾಚಿಕೆಯಾಯಿತು. ಅದೇ ಹೊತ್ತಿಗೆ ಎದುರುಮನೆಯ ವನಜಾಕ್ಷಿ ಒಳಗೆ ಬಂದಳು. ಅವಳು ಮನೆಯ ಮುಂದಿನ ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ಇಟ್ಟವಳು. ಯಾವ ಕಷ್ಟವನ್ನೂ ಮುಖದ ಮೇಲಿನ ಕಷ್ಟವೆಂದೇ ತಿಳಿದು ಪರಿಹಾರ ಕೊಡುತ್ತಿದ್ದಳು.

"ನೇಲ್ ಪಾಲಿಶ್ ಹಚ್ಬೋದಿತ್ತು. ಆದ್ರೆ ನನ್ಹತ್ರ ಕೆಂಪಿದೆ, ರೋಜಿದೆ. ಕರೀದು ತರೀಕೆರೇಲಿ ಯಾರು ಹಚ್ಕೋತಾರೆ?" ಪೆನ್ನನ್ನು ಹೊರಳಿಸಿ ನೋಡಿದಳು. "ತಲೆಗೆ ಹಚ್ಚೋ ಡೈ ಐತೆ. ಕರ್ರಗೆ ಕೂರ್ತದೆ. ಒಂದ್ಸಲ ಹಚ್ಚಿದ್ರೆ ತಿಂಗ್ಳು ನೋಡಂಗಿಲ್ಲ."

"ವನಜಕ್ಕ, ಅದು ಕೂದ್ಲಿಗೆ..."

"ಕಾಲಿಗಲ್ಲ ತಾನೇ? ತಲೆಗೆ ತಾನೇ ಹಚ್ಚೋದು?"

ತಿಪ್ಪೇಶ್ ಕ್ಯಾಪನ್ನೂ ಅವಳ ಕೈಗೆ ಕೊಟ್ಟ. ವನಜಾಕ್ಷಿ ಬಟ್ಟಲಲ್ಲಿ ಪುಡಿ ಕಲೆಸಿದಳು. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಚಿಕ್ಕ ಬ್ರಷ್ಷಿನಿಂದ, ಮದುಮಗನಿಗೆ ಅರಿಶಿನ ಹಚ್ಚುವಷ್ಟು ನಿಧಾನವಾಗಿ ಹಚ್ಚಿದಳು. ಹೊನ್ನೇಶ್ ಚಪ್ಪಲಿ ಬಿಟ್ಟು ಬಂದು ನಿಂತ. ಪೆನ್ನಿನ ಎರಡು ತುಂಡುಗಳನ್ನೂ ಪೊರಕೆಕಡ್ಡಿಗೆ ಸಿಕ್ಕಿಸಿ ಬಿಸಿಲಿಗಿಟ್ಟರು. ಒಣಗಿದ ಮೇಲೆ ನೋಡಿದರೆ ಅದು ಮೊದಲಿಗಿಂತ ಕಪ್ಪಗಿತ್ತು. ತಿಪ್ಪೇಶ್ ನಿಬ್ಬು ಕೂರಿಸಿ, ತಿರುಪಿಗೆ ಇಂಕು ಜಿನುಗದಂತೆ ಗ್ರೀಸು ಸವರಿ, ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿದ. ಉಳಿದ ಕೆನ್ನೆಯ ಗಡ್ಡ ಆಮೇಲೆ ಕೆರೆದುಕೊಂಡ.

ಅಜ್ಜಂಪುರದ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ತಿಪ್ಪೇಶ್ ಬಿಳಿ ಬಟ್ಟೆಯ ಗಂಟನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದಿದ್ದ. ಅವನ ಹಿಂದೆ ಅಂಜಿನಮ್ಮ ಬೆಳಗಿನ ತಪ್ಪನ್ನು ನೆನೆದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಹಿಂದೆ ವನಜಾಕ್ಷಿ, ಹೂವು ಹಣ್ಣಿನ ಚೀಲ ಹಿಡಿದ ಹೊನ್ನೇಶ್. ಕಿಟಕಿಯ ಪಕ್ಕ ಕೂತಿದ್ದ ಹಿರಿಯರೊಬ್ಬರು ಈ ಮೆರವಣಿಗೆಯನ್ನು ನೋಡಿ ತಟ್ಟನೆ ಎದ್ದು, ರುಮಾಲು ತೆಗೆದರು.

"ಕೂತ್ಕಳಪ್ಪ, ಕೂತ್ಕ. ಅದನ್ನ ನಿಂತ್ಕಂಡು ತಗಂಡೋಗ್ಬಾರ್ದು." ಆಮೇಲೆ ಅಂಜಿನಮ್ಮನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ಯಾರ್ದವ್ವಾ?"

"ಕರಿಯಣ್ಣ ಅಂತ. ಅಜ್ಜಂಪುರ್ದೋರು."

"ಯಾವಾಗ ಹೋದ್ರು?"

"ಅವ್ರು ಹೋಗಿ ಬಾಳ ವರ್ಷ ಆಯ್ತು ಕಣಣ್ಣ."

ಹಿರಿಯರು ಯೋಚಿಸಿದರು. "ಇಲ್ಲಿಗಂಟ ಎಲ್ಲಿಟ್ಟಿದ್ರಿ?"

"ಅವ್ರ ಮನೇಲೇ, ಶೋಕೇಸಲ್ಲಿ."

ಮುಂದಿನ ಸೀಟಿನ ಹೆಂಗಸು ಮಗುವನ್ನು ಆಚೆ ಪಕ್ಕಕ್ಕೆ ಎಳೆದುಕೊಂಡಳು.

"ಈಗ ನೀರಿಗೆ ಬಿಡಕ್ಕೆ ಹೊಂಟಿದ್ದೀರಾ?"

"ನೀರಿಗಾ?" ಅಂಜಿನಮ್ಮನ ದುಃಖ ಉಕ್ಕಿ ಬಂತು. "ನೀರಿಗ್ ಬಿಟ್ಟೇ ಕಣಣ್ಣ ಇಷ್ಟೆಲ್ಲ ಆಗಿದ್ದು! ಹೆಂಗೋ ಬಣ್ಣ ಹಚ್ಚಿ ಸರಿ ಮಾಡಿದೀವಿ. ವಾಪಸ್ ಕೊಡಕ್ಕೆ ಹೋಗ್ತಿದೀವಿ."

ಹಿರಿಯರು ಮುಂದಿನ ನಿಲ್ದಾಣದಲ್ಲಿ ಇಳಿದುಹೋದರು. ಅವರ ಊರು ಅದಾಗಿರಲಿಲ್ಲವೆಂದು ಅವರು ಇಳಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ತಿಪ್ಪೇಶನ ಸುತ್ತ ಅಜ್ಜಂಪುರ ಬರುವವರೆಗೂ ಗಾಳಿ ಧಾರಾಳವಾಗಿ ಆಡಿತು.

ಓಬಳಪ್ಪನವರ ಮನೆಯ ನಡುಮನೆಯಲ್ಲಿ ಜಮಖಾನ ಹಾಸಿದ್ದರು. ಊರಿನ ಹಿರಿಯರು ನಾಲ್ಕಾರು ಮಂದಿ ಗೋಡೆಗೊರಗಿ ಕೂತಿದ್ದರು. ಪಟಗಳ ಮುಂದೆ ದೀಪ ಹಚ್ಚಿ, 'ಬುದ್ಧಂ ಸರಣಂ' ಎಂದು ತ್ರಿಸರಣ ಹೇಳಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ಕೊನೆಯ ಸುತ್ತು ಸುತ್ತಿ ನಿಂತಿತು. ಆ ಜನ, ಆ ಬಾಗಿಲು ಮುಚ್ಚಿದ ಕೋಣೆ, ಆ ಸೆಕೆಯಲ್ಲಿ ತಿಪ್ಪೇಶನ ಅಂಗಿ ಬೆನ್ನಿಗೆ ಅಂಟಿತು.

ಓಬಳಪ್ಪ ಪೆನ್ನನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ನೋಡಿದರು. "ನಮ್ಮಪ್ಪನೇ ಬಂದಂಗಾಯ್ತು," ಎಂದು ಎರಡೂ ಕಣ್ಣಿಗೆ ಒತ್ತಿಕೊಂಡರು. ತೆಗೆದಾಗ ಅವರ ರೆಪ್ಪೆಗಳಿಗೆ ಸಣ್ಣಗೆ ಕಾಡಿಗೆ ಹಚ್ಚಿದ ಹಾಗಾಗಿತ್ತು. ಭಾವುಕರಾದವರ ಮುಖವನ್ನು ದಿಟ್ಟಿಸಿ ನೋಡುವುದು ಮರ್ಯಾದೆಯಲ್ಲವೆಂದು ಯಾರೂ ನೋಡಲಿಲ್ಲ. ಮೂಲೆಯಲ್ಲಿ ಕಂಬಳಿಯ ಮೇಲೆ ಕೂತಿದ್ದ ಹಾಲಮ್ಮನ ಕೈಗೂ ಕೊಟ್ಟರು. ಮುದುಕಿ ತಿರುಗಿಸಿ ನೋಡಿ, "ಹೂಂ, ಕರ್ರಗೈತೆ," ಎಂದಷ್ಟೇ ಹೇಳಿ ವಾಪಸು ಕೊಟ್ಟಳು.

ತಿಪ್ಪೇಶ್ ಪೆನ್ನಿನ ಒಡಲು ಬಿಚ್ಚಿ ಫಿಲ್ಲರಿನಿಂದ ನೀಲಿ ಇಂಕು ಹನಿ ಹನಿಯಾಗಿ ತುಂಬಿದ. ಒಂದು ಹನಿಯೂ ಆಚೆ ಬೀಳಲಿಲ್ಲ. ಬಾಗಿಲ ಬಳಿ ನಿಂತಿದ್ದ ಹೇಮಶ್ರೀ ಅದನ್ನು ಗಮನಿಸಿದಳು, ಅವಳು ಗಮನಿಸಿದ್ದನ್ನು ತಿಪ್ಪೇಶ್ ಗಮನಿಸಿದ. ಮುಂದಿನ ಹನಿ ಜಮಖಾನಕ್ಕೆ ಬಿತ್ತು.

"ಲೇ, ಫೋಟೋ ತೆಗೀತೀನಿ," ಅಂದ ಹೊನ್ನೇಶ್ ಮೊಬೈಲು ಎತ್ತಿ. "ತಲೆ ಸರಿ ಮಾಡ್ಕೋ."

ತಿಪ್ಪೇಶ್ ಬೆವರಿನ ಕೈಯಿಂದ ಕಿವಿಗಳ ಮೇಲಿನ ಕೂದಲನ್ನು ಎರಡೂ ಕಡೆ ಒತ್ತಿ ನೀವಿಕೊಂಡ. ಪತ್ರದ ಮೇಲೆ ಬಾಗಿದ. ನಿಬ್ಬು ಕಾಗದಕ್ಕೆ ತಾಗಿತು. ವರ್ಷಗಳ ಮೇಲೆ ಕರಿಯಣ್ಣನ ಪೆನ್ನು ಬರೆಯಿತು. ಒಂದು ಕಡೆಯೂ ತಡೆಯಲಿಲ್ಲ, ಒಂದು ಕಡೆಯೂ ಕಾರಲಿಲ್ಲ. 'ತಿಪ್ಪೇಶ್' ಎಂಬುದು ಅಷ್ಟು ಚೆಂದದ ಹೆಸರೆಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ.

ಕೈ ತೆಗೆದ.

ರುಜುವಿನ ಪಕ್ಕದಲ್ಲಿ, ಗೆರೆ ಗೆರೆಯೂ ಎಣಿಸಬಹುದಾದಷ್ಟು ಸ್ಪಷ್ಟವಾಗಿ, ದಪ್ಪ ಕರೀ ಹೆಬ್ಬೆಟ್ಟು ಬಿದ್ದಿತ್ತು.

ಓಬಳಪ್ಪ ಕಾಗದವನ್ನು ಎತ್ತಿಕೊಂಡು ದೀಪದ ಹತ್ತಿರ ಹಿಡಿದರು. ಅವರು ಹಿಡಿದ ಜಾಗದಲ್ಲಿ ಇನ್ನೊಂದು ಹೆಬ್ಬೆಟ್ಟು ಮೂಡಿತು. ಅದು ಅವರದೇ. ಅವರು ಅದನ್ನೂ ನೋಡಿದರು, ತಮ್ಮ ಹೆಬ್ಬೆರಳನ್ನೂ ನೋಡಿದರು.

"ನಮ್ಮನೇಲಿ ಹೆಬ್ಬೆಟ್ಟು..." ಎಂದರು.

ತಿಪ್ಪೇಶ್ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಲೋಟ, ಬಿಸಿನೀರು, ಹುಣಸೆಹಣ್ಣು, ಕೊಬ್ಬರಿ ಎಣ್ಣೆ, ಡೈ. ಅವ್ವನ ಹೆಸರು ಹೇಳದೆ ನೀರು ತಾನೇ ಹಾಕಿದೆ ಎಂದ. "ನಂದು ನಂದು, ನೀರು ನಂದು," ಎಂದು ಅಂಜಿನಮ್ಮ ಅಳುತ್ತಲೇ ತಿದ್ದಿದಳು.

"ಇಲ್ಲಿ ತಾ ಅದನ್ನ," ಅಂದಳು ಹಾಲಮ್ಮ.

ಮುದುಕಿ ಪೆನ್ನನ್ನು ಸೆರಗಿನ ತುದಿಯಲ್ಲಿ ಹಿಡಿದು ತಿಕ್ಕಿದಳು. ಎಂಜಲು ಮಾಡಿ ಇನ್ನೂ ತಿಕ್ಕಿದಳು. ಕಪ್ಪು ಬಿಟ್ಟು, ಕಂದು ಎದ್ದು ಬಂತು. ಅವಳು ಅದನ್ನು ಕಣ್ಣಿನ ಹತ್ತಿರ ತಂದುಕೊಂಡಳು. ಸುಕ್ಕುಗಟ್ಟಿದ ಮುಖ ನಿಧಾನವಾಗಿ ಅರಳಿತು.

"ಇದೇ ಕಣ್ರೋ! ಇದು ಇದ್ದದ್ದೇ ಹಿಂಗೆ. ಜೇಬಲ್ಲಿಟ್ಕಂಡು ಬಿಸ್ಲಲ್ಲಿ ರೈಲು ಹಳಿ ಮೇಲೆ ನಡೆದೂ ನಡೆದೂ ಒಂದೆರಡು ವರ್ಷಕ್ಕೇ ಹಿಂಗಾಗೋಗಿತ್ತು. ಅವ್ರೂ ಹಿಂಗೇ ಆಗಿದ್ರು. ಅವ್ರು ಹೋದ್ಮೇಲೆ ಶೋಕೇಸಲ್ಲಿ ಚೆಂದಾಗಿ ಕಾಣ್ಲಿ ಅಂತ ಈ ಓಬಳ ಬೂಟ್ ಪಾಲಿಶ್ ತಿಕ್ಕಿ ತಿಕ್ಕಿ ಕರ್ರಗೆ ಮಾಡಿಟ್ಟಿದ್ದ. ನಾನು ಹೇಳ್ದೆ, ಕೇಳ್ಲಿಲ್ಲ. ಇವತ್ತು ನಮ್ಮೆಜಮಾನ್ರ ಪೆನ್ನು ವಾಪಸ್ ಬಂತು ನೋಡು!"

ಓಬಳಪ್ಪ ಕಾಡಿಗೆ ಕಣ್ಣುಗಳಿಂದ ಛಾವಣಿ ನೋಡಿದರು. ಹೊನ್ನೇಶ್ ತಿಪ್ಪೇಶನನ್ನು ನೋಡಿದ. ಸಾವಿರಕ್ಕೊಂದು ಎಂದಿದ್ದ ತಿಪ್ಪೇಶ್ ಜಮಖಾನ ನೋಡಿದ. ಗೋಡೆಗೊರಗಿದ್ದ ಹಿರಿಯರಲ್ಲೊಬ್ಬರು ಕಿಸಕ್ಕೆಂದರು, ಇನ್ನೊಬ್ಬರು ಕೆಮ್ಮಿದ ಹಾಗೆ ಮಾಡಿದರು, ಆಮೇಲೆ ಇಡೀ ನಡುಮನೆ ನಕ್ಕಿತು. ಕೊನೆಗೆ ಓಬಳಪ್ಪನವರೂ ನಕ್ಕು, ಆ ಪತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಹೊಸ ಹಾಳೆ ತರಿಸಿದರು. ಒಬ್ಬರು ಕೂತು ಅದೇ ಒಕ್ಕಣೆ ಬರೆದರು.

"ಈ ಸಲ ಹೇಮ ಮೊದ್ಲು ಹಾಕ್ಲಿ," ಅಂದಳು ಹಾಲಮ್ಮ. "ಬಾ ಮಗ."

ಹೇಮಶ್ರೀ ಬಂದಳು. ಆದರೆ ಅವಳು ಪೆನ್ನನ್ನು ನೋಡುತ್ತಿರಲಿಲ್ಲ.

"ಅಪ್ಪಾ, ಇವರ ಕಿವಿ ಹತ್ರ ನೋಡು."

ಎಲ್ಲರೂ ನೋಡಿದರು. ತಿಪ್ಪೇಶನ ಎರಡೂ ಕಿವಿಗಳ ಮೇಲಿನಿಂದ ಬೆವರು ಇಳಿಯುತ್ತಿತ್ತು. ಆ ಬೆವರು ಕಪ್ಪಗಿತ್ತು.

"ಪೆನ್ನಿಂದ ಬಂದಿದ್ದು ಪೆನ್ನಿಗೆ ಹಚ್ಚಿದ್ದು," ಅಂದಳು ಹೇಮಶ್ರೀ, ಪಾಠ ಮಾಡುವ ದನಿಯಲ್ಲಿ. "ಇದು ಎಲ್ಲಿಂದ ಬರ್ತಿದೆ?"

"ಕೈಯಿಂದ ಅಂಟಿದ್ದು ಇದು. ಫೋಟೋಗೆ ಅಂತ ಹಿಂಗೆ ನೀವ್ಕೊಂಡೆ," ಅಂದ ತಿಪ್ಪೇಶ್. "ಕೂದ್ಲು ನಂದೇ ಕಣ್ರೀ. ಇದೇ ಬಣ್ಣ."

ಅದು ನಿಜ. ಆ ಮನೆಯೊಳಗೆ ಆ ಹೊತ್ತಿನಲ್ಲಿ ಯಾರೂ ಏನೂ ಹಚ್ಚದೆ ತಾನಾಗಿ ಕಪ್ಪಗಿದ್ದದ್ದು ಅವನ ತಲೆಯೊಂದೇ.

"ನನ್ನಾಣೆಗೂ ಇವ್ನ ತಲೆಗೆ ನಾನು ಒಂದು ತೊಟ್ಟೂ ಹಚ್ಚಿಲ್ಲ ಕಣ್ರಮ್ಮಾ," ಎಂದು ವನಜಾಕ್ಷಿ ಎದ್ದು ನಿಂತಳು.

"ನೀವು ಯಾರು?" ಅಂದಳು ಹೇಮಶ್ರೀ.

"ಎದುರುಮನೆಯೋಳು. ಬ್ಯೂಟಿ ಪಾರ್ಲರ್ ಇಟ್ಟಿದೀನಿ."

ಹಿರಿಯರು ಒಬ್ಬರನ್ನೊಬ್ಬರು ನೋಡಿಕೊಂಡರು.

"ನಮ್ಮ ಮನೆತನ್ದಲ್ಲೇ ಯಾರ್ಗೂ ಕೂದ್ಲು ಬೆಳ್ಳಗಾಗಲ್ಲ ಕಣಮ್ಮ," ಎಂದು ಅಂಜಿನಮ್ಮ ಹೇಳಿಬಿಟ್ಟು, ತನ್ನ ಹತ್ತಿಯಂಥ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಹೇಮಶ್ರೀ ಒಳಗೆ ಹೋಗಿ ಒಂದು ಒದ್ದೆ ಬಟ್ಟೆ ತಂದು ಅಪ್ಪನ ಕೈಗೆ ಕೊಟ್ಟಳು. ಓಬಳಪ್ಪ ಸಂಕೋಚದಿಂದಲೇ ತಿಪ್ಪೇಶನ ಕಿವಿಯ ಮೇಲೆ ಒರೆಸಿ, ಬಟ್ಟೆ ಬಿಡಿಸಿ ತೋರಿಸಿದರು. ಕಪ್ಪು. ಬಟ್ಟೆ ಮಗುಚಿ ಇನ್ನೊಂದು ಸಲ ಒರೆಸಿದರು. ಕಪ್ಪು. ಮತ್ತೊಂದು ಸಲ ಒರೆಸಿದ್ದರೆ ಬಟ್ಟೆ ಬೆಳ್ಳಗೇ ಬರುತ್ತಿತ್ತು. ಆದರೆ ಓಬಳಪ್ಪ ಬಟ್ಟೆಯನ್ನು ಮಡಿಸಿ ಕಿಟಕಿಯ ಮೇಲಿಟ್ಟರು.

"ಮಾವ, ಇನ್ನೊಂದ್ಸಲ..." ಅಂದ ತಿಪ್ಪೇಶ್.

"ಸಾಕು ಬಿಡಪ್ಪ," ಅಂದರು ಓಬಳಪ್ಪ. "ಎಷ್ಟು ಅಂತ ಒರೆಸೋದು?"

"ಪೆನ್ನಿನ ಬಣ್ಣ ಹೋಗಿದ್ದಕ್ಕೆ ನಂಗೇನೂ ಬೇಜಾರಿಲ್ಲ," ಅಂದಳು ಹೇಮಶ್ರೀ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹೆಬ್ಬೆಟ್ಟು ಬೀಳ್ದೇ ಇದ್ದಿದ್ರೆ ಅದನ್ನೂ ಹೇಳ್ತಿರ್ಲಿಲ್ಲ ನೀವು. ಅಲ್ವಾ?"

ತಿಪ್ಪೇಶ್ ಬಾಯಿ ತೆರೆದ. ಅದಕ್ಕೆ ಸುಳ್ಳು ಹೇಳಲು ಅವನಿಂದ ಆಗಲಿಲ್ಲ. ಹೌದೆಂದು ತಲೆಯಾಡಿಸಿದ.

ಕರೆಂಟು ಬಂತು. ಫ್ಯಾನು ತಿರುಗಿ ಹೊಸ ಹಾಳೆ ಜಮಖಾನದ ಮೇಲೆ ಪಟಪಟನೆ ಬಡಿದುಕೊಂಡಿತು. ಹಾಲಮ್ಮ ಮಂಡಿಯೂರಿ ಮುಂದೆ ಬಂದು, ಒಂದು ಅಂಗೈಯಿಂದ ಹಾಳೆಯನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಪೆನ್ನನ್ನು ಮೊಮ್ಮಗಳತ್ತ ಚಾಚಿದಳು.

"ತಲೆ ಯಾವ ಬಣ್ಣ ಆದ್ರೇನೆ? ಪೆನ್ನು ಬರೆಸ್ದ ಹುಡ್ಗ ಕಣೇ. ಹಾಕು, ಹಾಕ್ಬಿಡು."

ಹೇಮಶ್ರೀ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನಾನು ಹಾಕಲ್ಲ ಅಜ್ಜಿ."